ತೊಳೆದರೂ ಹೋಗದ ರಂಗೋಲಿ

ಕೊರೊನಾದ ಎರಡನೇ ಅಲೆ ಬಂದ ವರ್ಷ ಹೊಳೆನರಸೀಪುರದ ಉಳಿದ ಬೀದಿಗಳೆಲ್ಲ ಕಷಾಯದ ಮೇಲೋ ದೇವರ ಮೇಲೋ ಭಾರ ಹಾಕಿ ಬದುಕಿದವು. ಹೊಳೆಯ ಕಡೆಗೆ ಇಳಿಯುವ ಒಂದು ಬೀದಿ ಮಾತ್ರ ರಂಗೋಲಿಯ ಮೇಲೆ ಭಾರ ಹಾಕಿತ್ತು.

ಆ ಬೀದಿಯಲ್ಲಿ ಎದುರುಬದುರಾಗಿ ಮೂರು ಮನೆ, ಮೂವರು ಗೆಳತಿಯರು. ಮೂವರ ವಯಸ್ಸು ಕೂಡಿಸಿದರೆ ಇನ್ನೂರು ದಾಟುತ್ತಿತ್ತು. ಸುವರ್ಣಮ್ಮ ನಿವೃತ್ತ ಹೆಡ್‌ಮಿಸ್ಸು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ, ಹೆಡ್‌ಮಿಸ್‌ಗಿರಿಯಿಂದಲ್ಲ. ಅವರ ಆಳ್ವಿಕೆಯಲ್ಲಿ ಈಗ ಉಳಿದಿದ್ದ ಒಬ್ಬನೇ ವಿದ್ಯಾರ್ಥಿ ಎಂದರೆ ಗಂಡ ಚನ್ನಬಸವಯ್ಯ. ಹಳೇಕೋಟೆ ಕಡೆಯ ಸುಬ್ಬಮ್ಮ ಮಗ ಸೊಸೆಯ ಜೊತೆ ಇದ್ದರು, ದಾರಿಯಲ್ಲಿ ಸಿಕ್ಕ ಯಾವ ದೇವರಿಗೂ ಕೈಮುಗಿಯದೆ ಮುಂದೆ ಹೋದವರಲ್ಲ. ಮೂರನೆಯವರು ಅನಸೂಯಮ್ಮ. ಮೂವತ್ತೆರಡು ವರ್ಷ ಹೈಸ್ಕೂಲಿನ ಹುಡುಗಿಯರಿಗೆ ಹೊಲಿಗೆ ಕಲಿಸಿ, ಮದುವೆಯ ಗೊಡವೆಗೇ ಹೋಗದೆ, ಸ್ವಂತ ದುಡ್ಡಿನಲ್ಲಿ ತಾರಸಿ ಮನೆ ಕಟ್ಟಿಸಿಕೊಂಡು ಒಬ್ಬರೇ ಹಾಯಾಗಿದ್ದರು. ಅರಕಲಗೂಡಿನಲ್ಲಿ ಒಂದು ಕಾಲದಲ್ಲಿ ನಡೆದ ರಂಗೋಲಿ ಸ್ಪರ್ಧೆಯಲ್ಲಿ ಅವರಿಗೆ ಮೊದಲ ಬಹುಮಾನ ಬಂದಿತ್ತು. ಅಂದಿನಿಂದ ಬೇರೆಯವರ ಮನೆ ಮುಂದಿನ ರಂಗೋಲಿ ನೋಡಿದಾಗೆಲ್ಲ ಅವರ ತುಟಿ ತಾನಾಗಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು.

ಲಾಕ್‌ಡೌನ್ ಬಂತು. ಯಾರೂ ಯಾರ ಮನೆಯ ಹೊಸಿಲನ್ನೂ ತುಳಿಯುವಂತಿಲ್ಲ. ಆದರೂ ಸುವರ್ಣಮ್ಮ ಮೂವರ ಬಿಪಿ ಮಾತ್ರೆಯನ್ನೂ ಫೋನಿನಲ್ಲೇ ತರಿಸಿ ಹಂಚುತ್ತಿದ್ದರು, ಸುಬ್ಬಮ್ಮನ ಮನೆಯ ಸೊಪ್ಪು ಉಳಿದಿಬ್ಬರ ಗೇಟಿಗೆ ಚೀಲದಲ್ಲಿ ಬಂದು ತೂಗಾಡುತ್ತಿತ್ತು, ಅನಸೂಯಮ್ಮ ಹಳೇ ರವಿಕೆ ಬಟ್ಟೆಯಲ್ಲಿ ಇಡೀ ಬೀದಿಗೆ ಮಾಸ್ಕ್ ಹೊಲಿದು ಕೊಟ್ಟಿದ್ದರು. ಉಳಿದಿದ್ದು ಒಂದೇ ಚಿಂತೆ, ಯಾರಿಗೆ ಏನಾದರೂ ಆದರೆ ಉಳಿದವರಿಗೆ ತಿಳಿಯುವುದು ಹೇಗೆ? ಅದಕ್ಕೆ ಸುವರ್ಣಮ್ಮ ಕಾನೂನು ಮಾಡಿದರು. ಬೆಳಗ್ಗೆ ಏಳರೊಳಗೆ ಬಾಗಿಲ ಮುಂದೆ ರಂಗೋಲಿ ಬಿದ್ದಿದ್ದರೆ ಮನೆಯೊಡತಿ ಕ್ಷೇಮ. ಬೀಳದಿದ್ದರೆ ಫೋನು. ಫೋನೂ ಎತ್ತದಿದ್ದರೆ ತಟ್ಟೆ ಬಡಿದು ಬೀದಿಯನ್ನೇ ಎಬ್ಬಿಸುವುದು. ರಂಗೋಲಿ ಬಿಡಬೇಕಾದರೆ ಹೆಂಗಸು ಏಳಬೇಕು, ಬಾಗಿಲು ತೆಗೆಯಬೇಕು, ನೀರು ಚಿಮುಕಿಸಬೇಕು, ಬಗ್ಗಬೇಕು. ಇಷ್ಟಾದ ಮೇಲೆ ಡಾಕ್ಟರ ಸರ್ಟಿಫಿಕೇಟು ಯಾಕೆ ಎಂಬುದು ಅವರ ವಾದ.

ಈ ಕಾನೂನನ್ನು ಹಾಸನದಲ್ಲಿ ಕೂತು ಮೆಚ್ಚಿದವನು ಅನಸೂಯಮ್ಮನ ಅಣ್ಣನ ಮಗ ದಿಲೀಪ್. ಒಳ್ಳೆಯ ಹುಡುಗ, ಆದರೆ ಅತ್ತೆಯ ವಿಷಯದಲ್ಲಿ ಗಾಬರಿ ಜಾಸ್ತಿ. ನಿಮ್ಮ ಕೈಲಾಗುವುದಿಲ್ಲ ಎಂದು ಗೊತ್ತಾದ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಪಾಸು ಬೇರೆ ಮಾಡಿಸಿ ಇಟ್ಟುಕೊಂಡಿದ್ದ. ಮೊದಲನೇ ಅಲೆಯಲ್ಲಿ ಅನಸೂಯಮ್ಮ ಅವನ ಮೂರನೇ ಮಹಡಿಯ ಮನೆಯಲ್ಲಿ ಹತ್ತು ದಿನ ಇದ್ದು ಬಂದಿದ್ದರು. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರೆ ಮಾತಿಗೆ ಒಂದು ನರಪಿಳ್ಳೆಯಿಲ್ಲ. ಎಂಟನೇ ದಿನ ತಾವು ವಾಷಿಂಗ್ ಮೆಷಿನ್ನಿಗೆ ‘ಸಾಕು ನಿಲ್ಲಿಸವ್ವ’ ಎಂದು ಹೇಳಿದ್ದು ನೆನಪಾದರೆ ಅವರಿಗೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಮತ್ತೆ ಅಲ್ಲಿಗೆ ಹೋಗಬಾರದು, ಈ ಬೀದಿ ಬಿಡಬಾರದು. ಅವರಿಗೆ ಬೇಕಾಗಿದ್ದು ಇಷ್ಟೇ. ಸುವರ್ಣಮ್ಮ ದಿನಾ ಏಳಕ್ಕೆ ಅನಸೂಯಮ್ಮನ ರಂಗೋಲಿಯ ಫೋಟೋ ತೆಗೆದು ದಿಲೀಪನಿಗೆ ಕಳಿಸುವರು, ಅವನು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುವನು.

ಹೀಗಿರುವಾಗ ಒಂದು ಮಂಗಳವಾರ ರಂಗೋಲಿ ಬಿಡಲು ಕೂತ ಅನಸೂಯಮ್ಮನಿಗೆ ಏಳಲು ಆಗಲಿಲ್ಲ. ಮೂವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದ ಮಂಡಿಗಳು ಇನ್ನು ನಮ್ಮ ಕೈಲಾಗದು ಎಂದುಬಿಟ್ಟವು. ಬಾಗಿಲ ಚೌಕಟ್ಟು ಹಿಡಿದು, ಅಂಬೆಗಾಲಿಟ್ಟು ಒಳಗೆ ಸೇರಿದರು. ಯಾರೂ ನೋಡಲಿಲ್ಲ ಎನ್ನುವುದೊಂದೇ ಸಮಾಧಾನ.

ನಾಳೆಯ ಗತಿಯೇನು ಎಂದು ಯೋಚಿಸುತ್ತಿದ್ದಾಗ, ಚನ್ನರಾಯಪಟ್ಟಣದ ಒಂದು ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟಿದ್ದ ರಂಗೋಲಿ ಸ್ಟಿಕರ್ ನೆನಪಾಯಿತು. ಎಂಟು ದಳದ ಬಿಳೀ ಕಮಲ. ಅವತ್ತು ಅದನ್ನು ನೋಡಿ ಇಂಥದ್ದನ್ನು ಅಂಟಿಸಿಕೊಳ್ಳುವವರ ಮನೆಯಲ್ಲಿ ಅನ್ನವೂ ಪ್ಲಾಸ್ಟಿಕ್ಕೇ ಇರಬೇಕು ಎಂದು ನಾಲ್ಕು ಜನರ ಮುಂದೆ ಹಂಗಿಸಿದ್ದವರು ಇವರೇ. ಮರುದಿನ ನಸುಕಿನಲ್ಲಿ, ಹೊಸಿಲ ಮೇಲೆ ಕೂರಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಅನಸೂಯಮ್ಮ ಹೊಸಿಲ ಮೇಲೆ ಕೂತು, ಕಮಲವನ್ನು ನೆಲಕ್ಕೆ ಬಿಟ್ಟು, ಕಾಲಿನಲ್ಲಿ ಒತ್ತಿ ಒತ್ತಿ ಅಂಟಿಸಿದರು. ಆಮೇಲೆ ಬೆಳಗ್ಗೆ ಎದ್ದು ಮುಂಬಾಗಿಲು ತೆಗೆಯುವ ಕೆಲಸವೇ ತಪ್ಪಿತು.

ಮೂರನೇ ದಿನ ಸುವರ್ಣಮ್ಮ ಫೋನು ಮಾಡಿ, ಬಹುಮಾನ ತಗೊಂಡ ಕೈಗೆ ಬೇರೆ ಚಿತ್ತಾರವೇ ಬರುವುದಿಲ್ಲವೇ ಎಂದು ಕೇಳಿದರು. ಅನಸೂಯಮ್ಮನ ಬಾಯಲ್ಲಿ ತಡವಿಲ್ಲದೆ ಒಂದು ವ್ರತ ಹುಟ್ಟಿತು. ಊರಿನ ರೋಗ ಹೋಗಲಿ ಎಂದು ನಲವತ್ತೆಂಟು ದಿನ ಒಂದೇ ಕಮಲ ಬಿಡುತ್ತೇನೆಂದು ಹರಸಿಕೊಂಡಿದ್ದೇನೆ ಎಂದರು. ಸುವರ್ಣಮ್ಮ ನಂಬಿದರು. ಸುಬ್ಬಮ್ಮ ನಂಬಿ, ಅತ್ತು, ಹಳೇಕೋಟೆಯ ನೆಂಟರಿಗೆಲ್ಲ ಫೋನು ಮಾಡಿದರು.

ಒಂದು ಸುಳ್ಳಿಗೆ ನೂರು ಸುಳ್ಳು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಒಂಬತ್ತನೇ ದಿನ ಸಂಜೆ ಆಲಿಕಲ್ಲು ಮಳೆ ಬಂದು ಬೀದಿಯ ರಂಗೋಲಿಗಳೆಲ್ಲ ಚರಂಡಿ ಸೇರಿದವು. ಕಮಲ ಮಾತ್ರ ಮಿಂದು ಇನ್ನಷ್ಟು ಬೆಳ್ಳಗಾಗಿತ್ತು. ಮಳೆ ನಿಂತ ತಕ್ಷಣ ಮತ್ತೆ ಬಿಟ್ಟೆ ಎಂದರು ಅನಸೂಯಮ್ಮ. ಈ ವಯಸ್ಸಿನಲ್ಲಿ ಎಂಥಾ ಛಲ ಎಂದು ಬೀದಿ ಬೆರಗಾಯಿತು. ಪುರಸಭೆಯಿಂದ ಔಷಧಿ ಸಿಂಪಡಿಸಲು ಬರುವ ದೇವರಾಜ್ ಬೆನ್ನ ಮೇಲಿನ ಡಬ್ಬಿ ಸಮೇತ ಕಮಲವನ್ನು ಸುತ್ತಿ ಬಳಸಿ ಹೋಗತೊಡಗಿದ. ಬೀದಿಯಲ್ಲಿ ಇಲ್ಲಿಯತನಕ ಒಬ್ಬರಿಗೂ ಕೆಮ್ಮು ಬಂದಿಲ್ಲ, ಅದು ಆ ಕಮಲದಿಂದಲೇ ಎಂದು ಸುಬ್ಬಮ್ಮ ತೀರ್ಮಾನಿಸಿದರು. ಅನಸೂಯಮ್ಮನಿಗೆ ಇದು ನುಂಗಲಾರದ ಬಿಸಿತುಪ್ಪವಾಯಿತು.

ಇಪ್ಪತ್ತಾರನೇ ದಿನ. ಮೂರು ಮನೆಗೂ ಆಗುವಷ್ಟು ಸಂಡಿಗೆ ಇಡುತ್ತೇನೆಂದು ಮಾತು ಕೊಟ್ಟಿದ್ದ ಅನಸೂಯಮ್ಮ ಬೆಳಗ್ಗೆ ಆರೂವರೆಗೆ ಹಿಟ್ಟಿನ ಪಾತ್ರೆ ಹಿಡಿದು, ಮೆಟ್ಟಿಲಿಗೊಂದು ಸಲ ಕೂತು ತಾರಸಿ ಹತ್ತಿದರು. ಸೀರೆ ಹಾಸಿ ಮೊದಲ ಸಾಲು ಇಟ್ಟಿದ್ದರೋ ಇಲ್ಲವೋ, ಹೊಳೆ ಕಡೆಯಿಂದ ಗಾಳಿ ಬೀಸಿತು. ತಾರಸಿಯ ತಗಡಿನ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು, ಒಳಗಿನ ಚಿಲಕ ತಾನಾಗಿ ಬಿದ್ದುಕೊಂಡಿತು. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಕೂತಿತ್ತು.

ಏಳಕ್ಕೆ ಸರಿಯಾಗಿ ಎದುರುಮನೆಯಿಂದ ಸುವರ್ಣಮ್ಮ ಬಂದು ಕಮಲದ ಫೋಟೋ ತೆಗೆದರು. ಮಾಸ್ಕಿನ ದಾರ ಕಿವಿಯ ಯಂತ್ರವನ್ನು ಎಳೆದು ಬೀಳಿಸುತ್ತದೆ ಎಂದು ಅವರು ಹೊರಗೆ ಬರುವಾಗ ಯಂತ್ರವನ್ನು ಒಳಗೇ ಬಿಟ್ಟು ಬರುತ್ತಿದ್ದರು. ಮೇಲಿನಿಂದ ಅನಸೂಯಮ್ಮ ಗಂಟಲು ಹರಿಯುವಂತೆ ಕೂಗಿ ಎರಡೂ ಕೈ ಬೀಸಿದರು. ತಲೆಯೆತ್ತಿ ನೋಡಿದ ಸುವರ್ಣಮ್ಮ ತಾವೂ ಎರಡೂ ಕೈ ಬೀಸಿ, ಅತ್ತೆ ಕ್ಷೇಮ, ತಾರಸಿಯಲ್ಲಿ ವ್ಯಾಯಾಮ ಮಾಡುತ್ತಿದ್ದಾರೆ ಎಂದು ದಿಲೀಪನಿಗೆ ಬರೆದು ಸ್ನಾನಕ್ಕೆ ಹೋದರು.

ಅರ್ಧ ಗಂಟೆಯ ಮೇಲೆ ಸುಬ್ಬಮ್ಮ ಹೊರಗೆ ಬಂದರು. ಅವರ ಕಿವಿ ಚೆನ್ನಾಗಿತ್ತು. ವಿಷಯ ತಿಳಿದ ಕೂಡಲೇ, ಹೊಸಿಲು ತುಳಿಯಬಾರದೆಂಬ ಕಾನೂನನ್ನೂ ಮರೆತು ಸೆರಗು ಕಟ್ಟಿದರು.

“ತಡಿ ಅನಸೂಯಕ್ಕ, ಮುಂದ್ಲ ಬಾಗ್ಲಿಂದ ಬಂದು ಚಿಲ್ಕ ತೆಗೀತೀನಿ.”

“ಅದೂ ಒಳ್ಗಿಂದ ಆಕ್ಕಂಡೈತೆ ಕಣೆ. ರಾತ್ರಿ ಆಕಿದ್ದು.”

ಸುಬ್ಬಮ್ಮ ಬಾಗಿಲು ನೋಡಿದರು, ಕಮಲ ನೋಡಿದರು, ತಲೆಯೆತ್ತಿ ಅನಸೂಯಮ್ಮನನ್ನು ನೋಡಿದರು.

“ರಾತ್ರಿ ಆಕಿದ್ದು ಇನ್ನೂ ತೆಗ್ದೇ ಇಲ್ವಾ? ಅಂಗಾರೆ ಈ ರಂಗೋಲಿ ಬಿಟ್ಟೋರ್ಯಾರು?”

ನಿಜ ಹೇಳಲು ಅದೇ ಸಮಯವಾಗಿತ್ತು. ಆದರೆ ಅನಸೂಯಮ್ಮನ ಕಣ್ಣ ಮುಂದೆ ದಿಲೀಪನ ಮೂರನೇ ಮಹಡಿ ಬಂತು, ಅದರ ಹಿಂದೆಯೇ ಗುಡುಗುಟ್ಟುತ್ತ ವಾಷಿಂಗ್ ಮೆಷಿನ್ನು ಬಂತು.

“ಗೊತ್ತಿಲ್ಲ ಕಣೆ” ಎಂದುಬಿಟ್ಟರು.

ಸುಬ್ಬಮ್ಮನಂಥ ಭಕ್ತೆಗೆ ಅಷ್ಟು ಸಾಕಾಗಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಬೀದಿಯಲ್ಲೇ ಅಡ್ಡಬಿದ್ದರು. ಹಾಕಿದ ಬಾಗಿಲು ಹಾಕಿದಂತೆ, ವ್ರತಕ್ಕೆ ಮೆಚ್ಚಿ ತಾಯಿಯೇ ಬಂದು ಕಮಲ ಬಿಟ್ಟು ಹೋಗಿದ್ದಾಳೆ. ಸೊಸೆ ಪ್ರೇಮಕುಮಾರಿಯನ್ನು ಕೂಗಿ ಕರ್ಪೂರ, ತೆಂಗಿನಕಾಯಿ ತರಿಸಿದರು. ಹತ್ತು ಗಂಟೆಯವರೆಗೆ ಅಂಗಡಿ ತೆಗೆದಿರುವ ಕಾಲ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರೆಲ್ಲ ನಿಂತರು. ದೇವರಾಜ್ ಬೆನ್ನ ಮೇಲಿನ ಡಬ್ಬಿ ಇಳಿಸಿ, ಬೇರೆ ನೀರು ಸಿಗದೆ ಸ್ಯಾನಿಟೈಸರಿನಲ್ಲೇ ಕೈ ತೊಳೆದು ಮುಗಿದ. ಆರಡಿ ಅಂತರ ಮೂರಡಿಯಾಯಿತು, ಮೂರಡಿ ಮೊಣಕೈಯಾಯಿತು. ತಾರಸಿಯ ಮೇಲೆ ಬಿಸಿಲಿನಲ್ಲಿ ಒಬ್ಬ ಹೆಂಗಸು ಸಿಕ್ಕಿಹಾಕಿಕೊಂಡಿದ್ದಾಳೆ ಎಂಬುದು ಯಾರ ತಲೆಗೂ ಬರಲಿಲ್ಲ. ಬಂದವರು ಕೆಳಗೆ ಕಮಲಕ್ಕೊಂದು, ಮೇಲೆ ಅನಸೂಯಮ್ಮನಿಗೊಂದು ನಮಸ್ಕಾರ ಹಾಕುತ್ತಿದ್ದರು.

ಗುಂಪು ಚದುರಿಸಲು ಬಂದ ಕಾನ್‌ಸ್ಟೆಬಲ್ ಸುದರ್ಶನ್ ಲಾಠಿಯಿಂದ ಕಂಬ ಬಡಿದು, ಎಲ್ಲರೂ ಮನೆ ಒಳಗೆ ಹೋಗಬೇಕು ಎಂದು ಅಬ್ಬರಿಸಿದ. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೇನೆ ಎಂದು ಅನಸೂಯಮ್ಮ ಮೇಲಿನಿಂದ ಹೇಳಿದರು. ತಾರಸಿಯ ಮೇಲೆ ಓಡಾಡುವುದೂ ನಿಯಮದಲ್ಲಿಲ್ಲ ಎಂದು ಅವನು ಗದರಿದ. ಅಷ್ಟರಲ್ಲಿ ಸುಬ್ಬಮ್ಮ ಅವನಿಗೂ ಕಥೆ ಹೇಳಿದರು. ಸುದರ್ಶನನ ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿ, ಬೂಟು ಬಿಚ್ಚಿ, ಒಂದು ನಿಮಿಷ ಮಾತ್ರ, ಹೆಂಡತಿಯ ಹೆರಿಗೆ ಸುಸೂತ್ರವಾಗಲಿ ಎಂದು ತಾನೂ ಸಾಲಿನಲ್ಲಿ ನಿಂತ.

ಬಿಸಿಲು ಏರಿತು. ಗರ್ಭಿಣಿಯ ಹೆಸರು ಕೇಳಿದ ಮೇಲೆ ಅನಸೂಯಮ್ಮನಿಗೆ ತಡೆಯಲಾಗಲಿಲ್ಲ. ಪ್ಲಾಸ್ಟಿಕ್ಕನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ, ಮಾಸ್ಕು ಬಿಟ್ಟರೆ ಆ ಪಾಪ ಯಾರ ತಲೆಗೆ? ಹಾಸನಕ್ಕೆ ಹೋದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿ ಕೂಗಿದರು.

“ಅದು ಸ್ಟಿಕರ್ರು ಕಣ್ರಪ್ಪ. ನಾನೇ ಅಂಟಿಸಿದ್ದು.”

ಸುಬ್ಬಮ್ಮ ಸುತ್ತಲಿನವರ ಕಡೆ ತಿರುಗಿ, ನೋಡಿ ಎಂಥಾ ವಿನಯ, ದೊಡ್ಡ ಭಕ್ತರೆಲ್ಲ ಹೀಗೇ ಹೇಳೋದು ಎಂದರು. ಅನಸೂಯಮ್ಮನಿಗೆ ರೇಗಿಹೋಯಿತು. ತಾರಸಿಯ ನಲ್ಲಿಯಲ್ಲಿ ಸಂಡಿಗೆ ಪಾತ್ರೆ ತುಂಬಿ ಮೇಲಿನಿಂದ ಕಮಲದ ಮೇಲೆ ಸುರಿದರು. ಕುಂಕುಮ ಹೋಯಿತು, ಹೂವು ಹೋಯಿತು, ಕರ್ಪೂರ ಆರಿತು, ಸುದರ್ಶನನ ಬೂಟು ತುಂಬಿತು. ಕಮಲದ ಒಂದು ದಳವೂ ಅಲುಗಲಿಲ್ಲ. ಅಲ್ಲಿಯವರೆಗೆ ಅನುಮಾನದಿಂದ ದೂರ ನಿಂತಿದ್ದ ಇಬ್ಬರು ಮೂವರೂ ಈಗ ಚಪ್ಪಲಿ ಬಿಟ್ಟರು.

ಪ್ರೇಮಕುಮಾರಿ ಇದನ್ನೆಲ್ಲ ವಿಡಿಯೋ ಮಾಡಿ ನೆಂಟರಿಗೆ ಹಾಕಿದ್ದಳು. ಅದು ನೆಂಟರಿಂದ ನೆಂಟರಿಗೆ ಹಾರಿ ಹಾಸನದ ದಿಲೀಪನ ಕೈಗೆ ಬಂತು. ಅತ್ತೆಯ ಮನೆ, ಮುಂದೆ ಜನ, ಪೋಲೀಸು, ತೆಂಗಿನಕಾಯಿ, ಕರ್ಪೂರ. ಆ ದಿನಗಳಲ್ಲಿ ಅದಕ್ಕೆ ಒಂದೇ ಅರ್ಥವಿತ್ತು. ಅಳುತ್ತಲೇ ಕಾರು ಹತ್ತಿದ ಅವನು ಅರ್ಧ ದಾರಿಯಲ್ಲಿ ಸುವರ್ಣಮ್ಮನಿಗೆ ಫೋನು ಮಾಡಿ, ಏಳು ಗಂಟೆಗೆ ವ್ಯಾಯಾಮ ಮಾಡುತ್ತಿದ್ದವರು ಹೇಗೆ ಹೋದರು ಎಂದು ಕೇಳಿದ.

ಸ್ನಾನ, ಪೂಜೆ ಮುಗಿಸಿ ಆಗ ತಾನೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದ ಸುವರ್ಣಮ್ಮ, ಬೆಳಗಿನ ಕೈಬೀಸಾಟದ ಅರ್ಥ ಈಗ ಹೊಳೆದು, ಅದರ ಮೇಲೆ ಮಾಸ್ಕು ಕಟ್ಟಿಕೊಂಡು, ಒದ್ದೆ ತಲೆಯಲ್ಲೇ ಓಡಿ ಬಂದರು. ಹಿಂದೆ ಏಣಿ ಹೊತ್ತುಕೊಂಡು ಚನ್ನಬಸವಯ್ಯ. ಗುಂಪು ದಾರಿ ಬಿಟ್ಟಿತು. ಹೆಡ್‌ಮಿಸ್ಸು ಯಾರ ಕಥೆಯನ್ನೂ ಕೇಳಲಿಲ್ಲ, ಮೇಲಿನಿಂದ ಅನಸೂಯಮ್ಮ ಸ್ಟಿಕರ್ರು ಸ್ಟಿಕರ್ರು ಎಂದು ಕೂಗುತ್ತಿದ್ದುದನ್ನು ಮಾತ್ರ ಕೇಳಿಸಿಕೊಂಡರು. ಸೊಂಟ ಹಿಡಿದುಕೊಂಡು ಹೊಸಿಲಿನ ಮೇಲೆ ಕೂತು, ಕಮಲದ ಅಂಚಿಗೆ ಉಗುರು ಹಾಕಿ ಎಳೆದರು. ಕಮಲ ಚರ್ರೆಂದು ಇಡಿಯಾಗಿ ಎದ್ದು ಬಂತು. ಸುಬ್ಬಮ್ಮ ಮೆಲ್ಲನೆ ಬಗ್ಗಿ ತಮ್ಮ ತೆಂಗಿನಕಾಯಿ ವಾಪಸ್ ತೆಗೆದುಕೊಂಡರು.

ದೇವರಾಜ್ ಏಣಿ ಹತ್ತಿ ತಗಡಿನ ಬಾಗಿಲನ್ನು ಮೀಟಿ ತೆಗೆದ. ಅನಸೂಯಮ್ಮ ಕೂತು ಕೂತು ಮೆಟ್ಟಿಲಿಳಿದು, ಇಪ್ಪತ್ತಾರು ದಿನಗಳ ಮೇಲೆ ಮೊದಲ ಸಲ ಬೆಳಗಿನ ಹೊತ್ತು ಮುಂಬಾಗಿಲು ತೆಗೆದರು. ಎದುರಿಗೆ ಸುವರ್ಣಮ್ಮ, ಕೈಯಲ್ಲಿ ನೀರು ತೊಟ್ಟಿಕ್ಕುವ ಕಮಲ. ಬೈಗುಳಕ್ಕೆ ಸಿದ್ಧರಾಗಿಯೇ ಇದ್ದ ಅನಸೂಯಮ್ಮ ಆ ಮುಖ ನೋಡಿ ಹೆದರಿದರು, ಏಕೆಂದರೆ ಹೆಡ್‌ಮಿಸ್ಸು ಅಳುತ್ತಿದ್ದರು.

“ಇಪ್ಪತ್ತಾರು ದಿನ ಈ ಪ್ಲಾಸ್ಟಿಕ್ ನೋಡ್ಕೊಂಡು, ನೀನು ಚೆನ್ನಾಗಿದ್ದೀಯ ಅಂತ ನೆಮ್ಮದಿಯಾಗಿ ಕಾಫಿ ಕುಡಿದಿದ್ದೀನಲ್ಲೇ. ಒಳಗೆ ನೀನು ಸತ್ತು ಬಿದ್ದಿದ್ರೂ ನಾನು ದಿನಾ ಬಂದು ಫೋಟೋ ತೆಗೀತಾ ಇರ್ತಿದ್ನಲ್ಲೇ.”

ಅನಸೂಯಮ್ಮನಿಗೆ ಈ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಬೀದಿಯಿಂದ ತನ್ನನ್ನು ಕಿತ್ತುಕೊಂಡು ಹೋಗದಿರಲಿ ಎಂದು ಮಾಡಿದ ಕೆಲಸ ಈ ಇಬ್ಬರಿಂದಲೇ ತನ್ನನ್ನು ಮರೆಮಾಡಿತ್ತು. ಅವರ ಕಣ್ಣಲ್ಲೂ ನೀರು ಬಂತು. ಮಂಡಿ ಮಡಚಲು ಬರುವುದಿಲ್ಲ ಕಣೆ, ಹೇಳಿದರೆ ದಿಲೀಪ ಕರೆದುಕೊಂಡು ಹೋಗುತ್ತಾನೆ ಎಂದು ಹೆದರಿದೆ ಎಂದರು.

ಆ ಹೊತ್ತಿಗೆ ಸರಿಯಾಗಿ ದಿಲೀಪನ ಕಾರು ಬಂದು ನಿಂತಿತು. ಬದುಕಿರುವ ಅತ್ತೆಯನ್ನು ಕಂಡು ಬಾನೆಟ್ಟಿನ ಮೇಲೇ ಕೈಯೂರಿ ಅರ್ಧ ನಿಮಿಷ ಸುಧಾರಿಸಿಕೊಂಡ. ಕಥೆ ಕೇಳಿದ ಮೇಲೆ ಮುಖ ಗಂಟು ಹಾಕಿ, ಇನ್ನು ಮಾತಿಲ್ಲ, ಬ್ಯಾಗು ತುಂಬಿಕೊಳ್ಳಿ ಎಂದ. ಬೂಟಿನ ನೀರು ಸುರಿಯುತ್ತಿದ್ದ ಸುದರ್ಶನ್ ಕೂಡ, ಸುಳ್ಳು ರಂಗೋಲಿ ಹಾಕಿ ಸಾರ್ವಜನಿಕರಿಗೆ ಮೋಸ ಮಾಡುವುದು ದೊಡ್ಡ ತಪ್ಪು, ಬೀದಿಯಲ್ಲಿ ಇನ್ಯಾರು ಯಾರು ಹೀಗೆ ಮಾಡಿದ್ದೀರಿ ಎಂದು ಗಡುಸಾಗಿ ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಏಣಿ ಹಿಡಿದು ನಿಂತಿದ್ದ ಚನ್ನಬಸವಯ್ಯ ಬಲಗೈ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಪಂಚೆಯ ಮೇಲೆ ಬೆಳ್ಳಗೆ ರಂಗೋಲಿ ಪುಡಿ ಹತ್ತಿತು. ಎಲ್ಲರ ಕಣ್ಣೂ ಅಲ್ಲಿಗೆ ಹೋಯಿತು.

“ಇವಳಿಗೆ ಸೊಂಟ ಹಿಡ್ದು ವರ್ಷ ಆಯ್ತು” ಎಂದರು ಅವರು, ಹೆಂಡತಿಯ ಕಡೆ ನೋಡದೆ. “ದಿನಾ ನಾನೇ ಬಿಡೋದು. ಯಾರಾದ್ರೂ ನೋಡಿದ್ರೆ ಅಂತ ಇವಳ ಸೆರಗಿನಂಗೆ ಟವೆಲ್ ಹೊದ್ಕೊಂಡು ಕೂತ್ಕೋತೀನಿ.”

ಸುವರ್ಣಮ್ಮನ ಮುಖ ಮಾಸ್ಕಿನ ಹೊರಗೂ ಕೆಂಪಾಯಿತು. ಸುಬ್ಬಮ್ಮ ಬಾಯಿಗೆ ಸೆರಗು ಹಿಡಿದು ನಕ್ಕೇ ನಕ್ಕರು. ಆ ನಗು ಪ್ರೇಮಕುಮಾರಿಗೆ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. ನಮ್ಮತ್ತೆಯ ರಂಗೋಲಿ ಬಿಡುವುದು ನಾನು, ಅವರು ಏಳುವುದೇ ಏಳೂವರೆಗೆ ಎಂದು ಫೋನು ಹಿಡಿದುಕೊಂಡೇ ಹೇಳಿದಳು. ಸುಬ್ಬಮ್ಮನ ನಗು ಅಲ್ಲಿಗೇ ನಿಂತಿತು.

ಅಂದರೆ ಮೂವರು ಗೆಳತಿಯರು ಒಬ್ಬರ ಕ್ಷೇಮವನ್ನು ಒಬ್ಬರು ನಂಬಿಕೊಂಡಿದ್ದು ಒಂದು ಪ್ಲಾಸ್ಟಿಕ್ಕು, ಒಬ್ಬ ಗಂಡ ಮತ್ತು ಒಬ್ಬ ಸೊಸೆಯ ಮೇಲೆ. ಮೂವರೂ ಮುಖ ಮುಖ ನೋಡಿಕೊಂಡರು. ಮೊದಲು ಚೇತರಿಸಿಕೊಂಡವರು ಸುವರ್ಣಮ್ಮ. ನಾಚಿಕೆಯಾದ ಹೆಡ್‌ಮಿಸ್ಸು ಯಾರನ್ನಾದರೂ ಗದರಲೇಬೇಕು, ಹತ್ತಿರದಲ್ಲಿ ದಿಲೀಪ್ ಇದ್ದ.

“ನೋಡಪ್ಪ, ನಮ್ಮ ಮೂವರಲ್ಲಿ ಒಬ್ಬಳಿಗೂ ಬಗ್ಗಿ ರಂಗೋಲಿ ಬಿಡೋ ಯೋಗ್ಯತೆ ಇಲ್ಲ. ಕರ್ಕೊಂಡು ಹೋಗೋದಾದ್ರೆ ಮೂವರನ್ನೂ ಕರ್ಕೊಂಡು ಹೋಗು. ಇವಳನ್ನ ಕಳ್ಸಿ ನಾವಿಬ್ರು ಇಲ್ಲಿ ಯಾರ ಬಾಗಿಲು ನೋಡ್ಕೊಂಡು ಕೂರೋಣ?”

ದಿಲೀಪ್ ಮೂವರನ್ನೂ ನೋಡಿದ. ತನ್ನ ಎರಡು ರೂಮು ನೆನೆದ. ಹಿಂದೆ ಸುಬ್ಬಮ್ಮ ಆಗಲೇ, ಅಲ್ಲಿ ದೇವರ ಕೋಣೆ ಯಾವ ದಿಕ್ಕಿಗೈತೆ ಎಂದು ವಿಚಾರಿಸುತ್ತಿದ್ದರು.

“ಅಲ್ಲಿ ಲಿಫ್ಟ್ ಇಲ್ಲ ಆಂಟಿ” ಎಂದ ಸಣ್ಣ ದನಿಯಲ್ಲಿ.

“ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಲ್ಲಿಗೆ ಮಂಡಿ ನೋವಿನೋಳನ್ನ ಕರ್ಕೊಂಡು ಹೋಗ್ತೀಯಾ?”

ದಿಲೀಪ್ ಇದನ್ನು ಯೋಚಿಸಿರಲಿಲ್ಲ. ತಲೆ ಕೆರೆದುಕೊಂಡು, ಮಂಡಿಗೆ ಹಾಸನದ ಒಳ್ಳೆಯ ಡಾಕ್ಟರನ್ನು ಫೋನಿನಲ್ಲೇ ಕೇಳಿ ಔಷಧಿ ಕಳಿಸುತ್ತೇನೆ, ಆದರೆ ಅತ್ತೆ ಇನ್ನು ಸುಳ್ಳು ಹೇಳಬಾರದು ಎಂದ. ಅನಸೂಯಮ್ಮ ಒಪ್ಪಿಕೊಂಡ ರಭಸ ನೋಡಿದರೆ ಇನ್ನು ಸತ್ಯವನ್ನೂ ಅವರು ಲೆಕ್ಕ ಹಾಕಿಯೇ ಹೇಳುತ್ತಾರೆ ಎನಿಸುವಂತಿತ್ತು. ಅವನ ಕಾರು ತಿರುವಿನಲ್ಲಿ ಮರೆಯಾದಾಗ ಅವರ ಎದೆಯ ಮೇಲಿಂದ ಒಂದು ಬೀಸುವ ಕಲ್ಲು ಇಳಿಯಿತು.

ಮರುದಿನ ಮೂರು ಬಾಗಿಲ ಮುಂದೆಯೂ ರಂಗೋಲಿ ಇರಲಿಲ್ಲ. ಸುವರ್ಣಮ್ಮ ಹೊಸ ಕಾನೂನು ಮಾಡಿದ್ದರು. ಆರೂವರೆಗೆ ಮೂವರೂ ಸ್ವಂತ ಕೈಯಿಂದ ಬಾಗಿಲು ತೆಗೆದು, ಸ್ವಂತ ಕಾಲ ಮೇಲೆ ಹೊಸಿಲಲ್ಲಿ ನಿಂತು, ಒಬ್ಬರ ಮುಖ ಒಬ್ಬರಿಗೆ ತೋರಿಸಬೇಕು. ಸುಬ್ಬಮ್ಮ ಕಣ್ಣುಜ್ಜಿಕೊಂಡು ಬಂದರು, ಸುವರ್ಣಮ್ಮ ಸೊಂಟಕ್ಕೆ ಕೈಕೊಟ್ಟು ಬಂದರು, ಅನಸೂಯಮ್ಮ ಕೋಲೂರಿಕೊಂಡು ಬಂದರು. ನಿನ್ನೆಯ ರಾಮಾಯಣ ನೆನೆದು ಮೂವರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಸೈಕಲ್ಲಿನ ಮೇಲೆ ತರಕಾರಿ ತರುವ ನಂಜಪ್ಪ ಅದೇ ಹೊತ್ತಿಗೆ ಬೀದಿಗೆ ತಿರುಗಿದ. ರಂಗೋಲಿಯಿಲ್ಲದೆ ಬರಿದಾದ ಮೂರು ಅಂಗಳ ಕಂಡು ಅವನು ಕೂಗುವುದನ್ನು ನಿಲ್ಲಿಸಿದ. ಸೈಕಲ್ಲಿನಿಂದ ಇಳಿದು, ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಯಾರ್ ಓದ್ರವ್ವ?”

“ಯಾರೂ ಓಗಿಲ್ಲ ಕಣಪ್ಪ” ಎಂದರು ಅನಸೂಯಮ್ಮ, ಇಡೀ ಬೀದಿಗೆ ಕೇಳುವಂತೆ. “ಮೂರ್ ಜನಾನೂ ಇದ್ದೀವಿ. ಈರೇಕಾಯಿ ಎಳೇದೈತಾ ನೋಡು.”